ಅವಧಿ ಮುಗಿದ ದಾಖಲೆ ಅಳಿಯುವುದು ಯಾವಾಗ?

ಮೊಬೈಲಿಗೆ ಬರುವ ಓಟಿಪಿಯ ಉಪಯೋಗ ಐದು-ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅದನ್ನು ಪರಿಶೀಲಿಸಲೆಂದು ಸರ್ವರಿನಲ್ಲಿ ಬರೆದಿಟ್ಟ ದಾಖಲೆ ಮಾತ್ರ ಯಾರಾದರೂ ತೆಗೆಯುವವರೆಗೂ ಅಲ್ಲೇ ಇರುತ್ತದೆ. ಹೀಗೆ ಕೆಲಸ ಮುಗಿದ ಮೇಲೂ ಉಳಿದುಕೊಳ್ಳುವ ದಾಖಲೆಗಳು ಒಂದೆರಡಲ್ಲ. ಲಾಗಿನ್ ಸೆಷನ್‌ಗಳು, ಶಾಪಿಂಗ್ ಆ್ಯಪಿನ ಕಾರ್ಟಿಗೆ ಹಾಕಿ ಮರೆತ ಸಾಮಾನಿನ ಪಟ್ಟಿ, ಡೆಲಿವರಿ ಬೈಕು ಎಲ್ಲಿದೆ ಎಂದು ಕೆಲವು ಸೆಕೆಂಡಿಗೊಮ್ಮೆ ಬಂದು ಬಿದ್ದ ಲೊಕೇಶನ್, ಯಾರು ಯಾವ ಪುಟ ತೆರೆದರೆಂಬ ಲಾಗ್. ಇವುಗಳ ಆಯುಷ್ಯ ಇಷ್ಟೇ ಎಂಬುದು ಹುಟ್ಟುವಾಗಲೇ ಗೊತ್ತಿರುತ್ತದೆ. ಆದರೂ ಬಹಳಷ್ಟು ಕಡೆ ಅವು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತವೆ. ಬರೆಯುವ ಕೋಡಿಗೆ ಗಡುವು ಇರುತ್ತದೆ, ಅಳಿಸುವ ಕೋಡಿಗೆ ಇರುವುದಿಲ್ಲ.

ಅಳಿಸುವ ಕೆಲಸವನ್ನು ಡೇಟಾಬೇಸಿಗೇ ಒಪ್ಪಿಸುವ ಸೌಲಭ್ಯ ಈಗ ಹೆಸರುವಾಸಿಯಾದ ಹಲವು ಕ್ಲೌಡ್ ಡೇಟಾಬೇಸ್‌ಗಳಲ್ಲಿ ಇದೆ. ಟೈಮ್ ಟು ಲಿವ್, ಚಿಕ್ಕದಾಗಿ ಟಿಟಿಎಲ್, ಎಂದು ಕರೆಯುವ ಇದರ ತತ್ವ ಸರಳ. ದಾಖಲೆಯ ಜೊತೆಗೇ ಅದರ ಕೊನೆಯ ಗಳಿಗೆಯನ್ನೂ ಬರೆದಿಡಿ, ಆ ಹೊತ್ತು ಕಳೆದ ಮೇಲೆ ಅಳಿಸುವ ಹೊಣೆ ಡೇಟಾಬೇಸಿನದು. ಕೇಳಲು ಇಷ್ಟು ಸರಳವಾಗಿರುವುದರಿಂದಲೇ ಇದರ ಮೇಲೆ ಇಡಬಾರದ ಭರವಸೆಯನ್ನೂ ಇಟ್ಟುಬಿಡುತ್ತಾರೆ. ಅವಧಿ ಮುಗಿಯುವುದು ಒಂದು ಘಟನೆ, ದಾಖಲೆ ಅಳಿಯುವುದು ಇನ್ನೊಂದು. ಎರಡರ ನಡುವೆ ಒಂದು ನಿಮಿಷ ಇರಬಹುದು, ಮೂರು ದಿನ ಇರಬಹುದು, ಬ್ಯಾಕಪ್‌ಗಳನ್ನೂ ಲೆಕ್ಕಕ್ಕೆ ಹಿಡಿದರೆ ತಿಂಗಳು ಮೀರಬಹುದು. ಈ ನಡುವಿನ ಹೊತ್ತಿನಲ್ಲಿ ಏನಾಗುತ್ತದೆ ಎಂದು ಯೋಚಿಸದೆ ಟಿಟಿಎಲ್ ಹಾಕಿದ ತಂಡ ಕೆಲಸವನ್ನು ಅರ್ಧಕ್ಕೇ ಬಿಟ್ಟಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಲ್ಪನೆಯೇನೂ ಹೊಸದಲ್ಲ. 1981ರಲ್ಲಿ ಪ್ರಕಟವಾದ ಇಂಟರ್‌ನೆಟ್ ಪ್ರೋಟೊಕಾಲ್‌ನ ವಿವರಣೆ, ಆರ್‌ಎಫ್‌ಸಿ 791, ಪ್ರತಿ ಪ್ಯಾಕೆಟ್ಟಿನಲ್ಲೂ ಟಿಟಿಎಲ್‌ಗೆಂದು ಎಂಟು ಬಿಟ್‌ಗಳ ಜಾಗ ಬಿಟ್ಟಿತ್ತು. ಅಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 255. ದಾರಿ ತಪ್ಪಿದ ಪ್ಯಾಕೆಟ್ ಜಾಲದಲ್ಲಿ ಕೊನೆಯಿಲ್ಲದೆ ಸುತ್ತದಿರಲಿ ಎಂಬುದು ಉದ್ದೇಶ. 1987ರ ಡಿಎನ್‌ಎಸ್ ವಿವರಣೆಯಲ್ಲಿ ಅದೇ ಹೆಸರು ಬೇರೆ ಕೆಲಸಕ್ಕೆ ಬಂತು: ಒಂದು ಹೆಸರಿಗೆ ಸಿಕ್ಕ ವಿಳಾಸವನ್ನು ಎಷ್ಟು ಸೆಕೆಂಡು ನೆನಪಿನಲ್ಲಿಡಬಹುದು ಎಂದು ಹೇಳಲು. ಮುಂದೆ ಮೆಮ್‌ಕ್ಯಾಶ್‌ಡ್, ರೆಡಿಸ್‌ನಂಥ ಕ್ಯಾಶ್‌ಗಳು ಇದನ್ನು ಮನೆಮಾತಾಗಿಸಿದವು. ಇಲ್ಲೆಲ್ಲ ಅಳಿಯುತ್ತಿದ್ದದ್ದು ಬಹುಮಟ್ಟಿಗೆ ನಕಲು. ಮೂಲ ಬೇರೆ ಕಡೆ ಇರುತ್ತಿತ್ತು, ಬೇಕಾದರೆ ಮತ್ತೆ ತರಬಹುದಿತ್ತು. ಕ್ಲೌಡ್ ಡೇಟಾಬೇಸಿನ ಟಿಟಿಎಲ್ ಅಳಿಸುವುದು ಮೂಲವನ್ನೇ. ಅದೇ ಹೆಸರು, ಅದೇ ಸರಳತೆ ಉಳಿದುಕೊಂಡು ಪರಿಣಾಮ ಮಾತ್ರ ಬದಲಾದದ್ದನ್ನು ಗಮನಿಸಿದವರು ಕಡಿಮೆ.

ಕಾಗದದ ಕಾಲದ ಕಚೇರಿಗಳಿಗೂ ಈ ಪ್ರಶ್ನೆ ಇತ್ತು. ಸರ್ಕಾರಿ ಕಚೇರಿಯಲ್ಲಿ ಕಡತ ಮುಕ್ತಾಯವಾದಾಗ ಅದನ್ನು ವರ್ಗೀಕರಿಸಿ ಅಭಿಲೇಖಾಲಯಕ್ಕೆ ಕಳಿಸುತ್ತಾರೆ. ಕೆಲವು ಶಾಶ್ವತ, ಉಳಿದವಕ್ಕೆ ಇಂತಿಷ್ಟು ವರ್ಷ. ಗಡುವು ತೀರಿದ ಮೇಲೆ ಪಟ್ಟಿ ಮಾಡಿ, ಅನುಮತಿ ಪಡೆದು ನಾಶ. ಅಲ್ಲಿ ನಿರ್ಧಾರ ಆಗುವುದು ಕಡತದ ಕೊನೆಯಲ್ಲಿ, ಒಳಗೇನಿದೆ ಎಂದು ನೋಡಿದ ಮೇಲೆ. ಟಿಟಿಎಲ್‌ನಲ್ಲಿ ಅದು ದಾಖಲೆ ಹುಟ್ಟುವ ಕ್ಷಣದಲ್ಲೇ, ಸಾಮಾನ್ಯವಾಗಿ ಒಬ್ಬ ಪ್ರೋಗ್ರಾಮರ್ ಬರೆದ ಒಂದು ಸಾಲಿನಲ್ಲಿ ಆಗಿಬಿಡುತ್ತದೆ. ಕೋಟಿಗಟ್ಟಲೆ ದಾಖಲೆಗಳನ್ನು ಒಂದೊಂದಾಗಿ ತೆರೆದು ನೋಡಲಾಗುವುದಿಲ್ಲ ನಿಜ. ಆದರೆ ಆ ಒಂದು ಸಾಲನ್ನು ನೋಡಬೇಕಾದವರು ಪ್ರೋಗ್ರಾಮರ್ ಒಬ್ಬರೇ ಅಲ್ಲ.

ಅಮೆಜಾನಿನ ಡೈನಮೊಡಿಬಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದಕ್ಕೆ ಟಿಟಿಎಲ್ ಬಂದದ್ದು 2017ರ ಫೆಬ್ರವರಿಯಲ್ಲಿ. ಟೇಬಲ್ಲಿನ ಯಾವ ಆಟ್ರಿಬ್ಯೂಟ್‌ನಲ್ಲಿ ಅವಧಿ ಬರೆದಿದೆ ಎಂದು ಒಮ್ಮೆ ತಿಳಿಸಿದರೆ ಸಾಕು. ಆ ಜಾಗದಲ್ಲಿ 1767225600ರಂಥ ಸಂಖ್ಯೆ ಇರಬೇಕು: 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಈ ಸಂಖ್ಯೆಯ ಅರ್ಥ 2026ರ ಜನವರಿ 1, ಗ್ರೀನ್‌ವಿಚ್ ಲೆಕ್ಕದಲ್ಲಿ ನಡುರಾತ್ರಿ, ನಮ್ಮ ಗಡಿಯಾರದಲ್ಲಿ ಬೆಳಗಿನ ಐದೂವರೆ. ದಿನ ಮುಗಿದ ಕೂಡಲೇ ಎಂದು ನಿಯಮ ಬರೆಯುವವರು ಯಾರ ದಿನ ಎಂಬುದನ್ನೂ ಬರೆಯಬೇಕು.

ಎಡವುವುದು ಹೆಚ್ಚಾಗಿ ಈ ಸಂಖ್ಯೆಯಲ್ಲೇ. ಜಾವಾಸ್ಕ್ರಿಪ್ಟ್ ಸಮಯವನ್ನು ಮಿಲಿಸೆಕೆಂಡಿನಲ್ಲಿ ಕೊಡುತ್ತದೆ. ಅದನ್ನು ಸಾವಿರದಿಂದ ಭಾಗಿಸದೆ ಹಾಗೇ ಬರೆದರೆ 1767225600000 ಆಗುತ್ತದೆ. ಸೆಕೆಂಡು ಎಂದುಕೊಂಡ ಡೇಟಾಬೇಸಿಗೆ ಅದು 57,971ನೇ ಇಸವಿ. ದಾಖಲೆ ಅಳಿಯುವುದೇ ಇಲ್ಲ, ಎರರ್ ಕೂಡ ಬರುವುದಿಲ್ಲ. ಇನ್ನು ಕೆಲವರು ಓದಲು ಸುಲಭವೆಂದು 20260101 ಎಂದು ಬರೆಯುತ್ತಾರೆ. ಸೆಕೆಂಡಿನ ಲೆಕ್ಕದಲ್ಲಿ ಅದು 1970ರ ಆಗಸ್ಟ್. ಅಂದರೆ ದಾಖಲೆ ಹುಟ್ಟುವಾಗಲೇ ಅದರ ಅವಧಿ ತೀರಿ ಅರ್ಧ ಶತಮಾನ ಕಳೆದಿರುತ್ತದೆ. ಇಂಥ ದಾಖಲೆಯನ್ನು ತಕ್ಷಣ ಅಳಿಸಿಬಿಟ್ಟರೆ ಅನಾಹುತ. ಅದಕ್ಕಾಗಿಯೇ ಐದು ವರ್ಷಕ್ಕಿಂತ ಹಿಂದಿನ ಅವಧಿ ಕಂಡರೆ ಡೈನಮೊಡಿಬಿ ಅದನ್ನು ಮುಟ್ಟುವುದಿಲ್ಲ. ಈ ಚಿಕ್ಕ ಕಾವಲನ್ನು ನಾನು ಬಹಳ ಮೆಚ್ಚುತ್ತೇನೆ. ಸಂಶಯ ಬಂದಾಗ ಅಳಿಸದೆ ಬಿಡುವುದು ಸರಿಯಾದ ದಿಕ್ಕಿನ ಆಯ್ಕೆ.

ಅಳಿಸುವುದು ಯಾವಾಗ? ಅವಧಿ ಮುಗಿದ ಕೆಲವು ದಿನಗಳೊಳಗೆ ಎನ್ನುತ್ತದೆ ಅಮೆಜಾನಿನ ಕೈಪಿಡಿ. ಹಿನ್ನೆಲೆಯಲ್ಲಿ ಒಂದು ಪ್ರಕ್ರಿಯೆ ಟೇಬಲ್ಲುಗಳನ್ನು ಜಾಲಾಡುತ್ತ, ಬಿಡುವಾದಂತೆ ತೆಗೆಯುತ್ತ ಹೋಗುತ್ತದೆ. ಅಲ್ಲಿಯವರೆಗೆ ಯಾರು ಕೇಳಿದರೂ ಆ ದಾಖಲೆ ಸಿಗುತ್ತದೆ. ಓಟಿಪಿಗೆ ಮರಳಿ ಬಂದರೆ ಅಪಾಯ ತಿಳಿಯುತ್ತದೆ: ದಾಖಲೆ ಇದೆ, ಆದ್ದರಿಂದ ಸಂಖ್ಯೆ ಮಾನ್ಯ ಎಂದು ಕೋಡ್ ಬರೆದಿದ್ದರೆ ಐದು ನಿಮಿಷದ ಓಟಿಪಿ ಮಾರನೆಯ ದಿನವೂ ಬಾಗಿಲು ತೆರೆಯುತ್ತದೆ. ಪರಿಹಾರ ಸುಲಭ. ಓದುವಾಗಲೇ ಅವಧಿಯನ್ನು ಈಗಿನ ಸಮಯದೊಂದಿಗೆ ಹೋಲಿಸಿ, ಮುಗಿದಿದ್ದರೆ ಇಲ್ಲವೆಂದೇ ಲೆಕ್ಕ ಹಾಕಬೇಕು. ಮಾನ್ಯತೆಯನ್ನು ತೀರ್ಮಾನಿಸಬೇಕಾದದ್ದು ಆ ಹೋಲಿಕೆ; ಟಿಟಿಎಲ್ ಬರೀ ಕಸ ಗುಡಿಸುವ ಕೆಲಸಕ್ಕೆ.

ಬೇರೆ ಡೇಟಾಬೇಸ್‌ಗಳು ಈ ಅಂತರವನ್ನು ತಮ್ಮದೇ ರೀತಿಯಲ್ಲಿ ನಿಭಾಯಿಸುತ್ತವೆ. ಮೈಕ್ರೋಸಾಫ್ಟಿನ ಕಾಸ್ಮೋಸ್ ಡಿಬಿ ಅವಧಿ ಮುಗಿದ ದಾಖಲೆಯನ್ನು ಭೌತಿಕವಾಗಿ ಆಮೇಲೆ ತೆಗೆದರೂ ಕ್ವೆರಿಗೆ ಕೂಡಲೇ ಮರೆಮಾಡುತ್ತದೆ. ಓದುವವರ ಮಟ್ಟಿಗೆ ಅದು ಇಲ್ಲ. ಗ್ರಾಹಕರಿಗೆ ಇದೇ ಹೆಚ್ಚು ನ್ಯಾಯವಾದ ನಡೆ ಎನಿಸುತ್ತದೆ. ಗೂಗಲ್‌ನ ಫೈರ್‌ಸ್ಟೋರ್ ಸಾಮಾನ್ಯವಾಗಿ 24 ಗಂಟೆಯೊಳಗೆ, ಸ್ಪ್ಯಾನರ್ 72 ಗಂಟೆಯೊಳಗೆ ಅಳಿಸುತ್ತವೆ. ಫೈರ್‌ಸ್ಟೋರ್‌ನಲ್ಲಿ ಒಂದು ಡಾಕ್ಯುಮೆಂಟ್ ಅಳಿದರೆ ಅದರ ಕೆಳಗಿನ ಉಪಸಂಗ್ರಹಗಳು ಅಳಿಯುವುದಿಲ್ಲ. ಚಾಟ್ ರೂಮ್ ಹೋಗಿ, ಅದರೊಳಗಿನ ಮೆಸೇಜುಗಳೆಲ್ಲ ಅನಾಥವಾಗಿ ಉಳಿಯುತ್ತವೆ. ಅವುಗಳಿಗೂ ಬೇರೆಯಾಗಿ ಅವಧಿ ಬರೆದಿರಬೇಕು. ಮೊಂಗೊಡಿಬಿಯ ಹಿನ್ನೆಲೆ ಪ್ರಕ್ರಿಯೆ 60 ಸೆಕೆಂಡಿಗೊಮ್ಮೆ ಎಚ್ಚರವಾಗುತ್ತದೆ, ಕೆಲಸದ ಹೊರೆ ಹೆಚ್ಚಿದ್ದರೆ ತಡವಾಗುತ್ತದೆ. ಅಲ್ಲಿ ಅವಧಿಯ ಜಾಗದಲ್ಲಿ ದಿನಾಂಕದ ಬದಲು ಅಕ್ಷರಗಳಿದ್ದರೆ ಆ ಡಾಕ್ಯುಮೆಂಟ್ ಶಾಶ್ವತ.

ಕಸಾಂಡ್ರ ಎಂಬ ಡೇಟಾಬೇಸಿನ ಕತೆ ಇವೆಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ. ಅದು ಬರೆದ ಫೈಲನ್ನು ಎಂದೂ ತಿದ್ದುವುದಿಲ್ಲ. ಆದ್ದರಿಂದ ಅಳಿಸುವುದೆಂದರೂ ಅಲ್ಲಿ ಇನ್ನೊಂದು ಬರಹವೇ: ಇದು ಅಳಿದಿದೆ ಎಂಬ ಗುರುತು, ಟೂಮ್‌ಸ್ಟೋನ್. ಅವಧಿ ಮುಗಿದ ಮಾಹಿತಿಯೂ ಟೂಮ್‌ಸ್ಟೋನ್ ಆಗಿ, ಪೂರ್ವನಿಗದಿಯ ಪ್ರಕಾರ 10 ದಿನ ಕಾದು, ಆಮೇಲೆ ಫೈಲುಗಳನ್ನು ಒಗ್ಗೂಡಿಸುವಾಗ ಹೋಗುತ್ತದೆ. ಹತ್ತು ದಿನ ಏಕೆ? ಒಂದೇ ಮಾಹಿತಿಯ ಪ್ರತಿಗಳು ಹಲವು ಸರ್ವರುಗಳಲ್ಲಿ ಇರುತ್ತವೆ. ಅವುಗಳಲ್ಲೊಂದು ಕೆಟ್ಟು ನಿಂತಿದ್ದಾಗ ಉಳಿದವು ಮಾಹಿತಿಯನ್ನು ಅಳಿಸಿ ಗುರುತನ್ನೂ ತೆಗೆದುಹಾಕಿದವು ಎನ್ನಿ. ಕೆಟ್ಟಿದ್ದ ಸರ್ವರ್ ವಾಪಸು ಬಂದಾಗ ತನ್ನಲ್ಲಿರುವ ಹಳೆಯ ಪ್ರತಿಯನ್ನು ಹೊಸದೆಂದೇ ಎಲ್ಲರಿಗೂ ಹಂಚುತ್ತದೆ. ಅಳಿಸಿದ ಮಾಹಿತಿ ಮತ್ತೆ ಜೀವ ತಳೆಯುತ್ತದೆ. ಇದನ್ನು ತಡೆಯಲು ಗುರುತನ್ನು ಅಷ್ಟು ದಿನ ಕಾಪಾಡುತ್ತಾರೆ. ಅದಕ್ಕೂ ಬೆಲೆ ತೆರಬೇಕು. ಟೂಮ್‌ಸ್ಟೋನ್‌ಗಳು ತುಂಬಿದ ಟೇಬಲ್ಲಿನಲ್ಲಿ ಹತ್ತು ಸಾಲು ಓದಲು ಸಾವಿರಾರು ಗುರುತುಗಳನ್ನು ದಾಟಬೇಕಾಗಿ, ಕ್ವೆರಿ ಕುಂಟುತ್ತದೆ. ಒಂದೇ ಕಾಲಾವಧಿಯ ಮಾಹಿತಿಯನ್ನು ಒಂದೇ ಫೈಲಿನಲ್ಲಿ ಕೂಡಿಸಿ, ಎಲ್ಲದರ ಅವಧಿಯೂ ಮುಗಿದಾಗ ಫೈಲನ್ನೇ ಇಡಿಯಾಗಿ ಎಸೆಯುವ ವಿಧಾನ ಬಂದ ಮೇಲೆ ಸೆನ್ಸರ್, ಲಾಗ್‌ಗಳಂಥ ಕಾಲಕ್ರಮದ ಮಾಹಿತಿಗೆ ಈ ತೊಂದರೆ ಬಹಳ ತಗ್ಗಿತು.

ಕಸಾಂಡ್ರದಲ್ಲೇ 2018ರ ಜನವರಿಯಲ್ಲಿ ನಡೆದದ್ದನ್ನು ಈ ವಿಷಯದಲ್ಲಿ ಕೆಲಸ ಮಾಡುವ ಎಲ್ಲರೂ ತಿಳಿದಿರಬೇಕು. ಅಲ್ಲಿ ಕೊಡಬಹುದಾದ ಅತಿ ದೊಡ್ಡ ಟಿಟಿಎಲ್ 20 ವರ್ಷ. ಅವಧಿ ಮುಗಿಯುವ ಗಳಿಗೆಯನ್ನು 32 ಬಿಟ್‌ಗಳ ಸಂಖ್ಯೆಯಲ್ಲಿ ಇಡುತ್ತಿದ್ದರು, ಆ ಸಂಖ್ಯೆ 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ. 2018ರ ಜನವರಿಯ ಉತ್ತರಾರ್ಧದಲ್ಲಿ, ಇಪ್ಪತ್ತು ವರ್ಷ ಇರಲಿ ಎಂದು ಬರೆದ ದಾಖಲೆಯ ಕೊನೆಯ ಗಳಿಗೆ ಆ ಮಿತಿಯನ್ನು ಮೀರಿತು. ಸಂಖ್ಯೆ ಉರುಳಿ ಋಣವಾಯಿತು, ದಾಖಲೆ ಯಾವಾಗಲೋ ಮುಗಿದದ್ದೆಂದು ಪರಿಗಣಿತವಾಯಿತು. ಅತಿ ಹೆಚ್ಚು ಕಾಲ ಇರಬೇಕೆಂದು ಬಯಸಿದ ಮಾಹಿತಿಯೇ ಬರೆದ ತಕ್ಷಣ ಮಾಯವಾಗತೊಡಗಿತು. 2.1ರಿಂದ 3.11ರವರೆಗಿನ ಆವೃತ್ತಿಗಳಿಗೆಲ್ಲ ತುರ್ತು ತಿದ್ದುಪಡಿ ಕೊಡಬೇಕಾಯಿತು, 5.0 ಆವೃತ್ತಿಯಲ್ಲಿ ಮಿತಿಯನ್ನು 2106ಕ್ಕೆ ಸರಿಸಿದ್ದಾರೆ. 2038 ಇನ್ನೂ ದೂರವಿದೆ ಎನ್ನುವವರು ಗಮನಿಸಲಿ: ಮುಂದಿನ ದಿನಾಂಕಗಳನ್ನು ಇಂದೇ ಬರೆಯುವ ವ್ಯವಸ್ಥೆಗೆ ಅದು ಇಪ್ಪತ್ತು ವರ್ಷ ಮೊದಲೇ ಬಂದಿತ್ತು.

ಹಣದ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದಕ್ಕೆ ಸಿಗುವ ಪ್ರಾಧಾನ್ಯ ಅಗತ್ಯಕ್ಕಿಂತ ಹೆಚ್ಚು. ಡೈನಮೊಡಿಬಿಯಲ್ಲಿ ಅಮೆರಿಕದ ವರ್ಜೀನಿಯಾ ಕೇಂದ್ರದ ಸಾಮಾನ್ಯ ದರ ಜಿಬಿಗೆ ತಿಂಗಳಿಗೆ ಕಾಲು ಡಾಲರ್. ಒಂದೊಂದು ಕೆಬಿಯ ಒಂದು ಕೋಟಿ ದಾಖಲೆಗಳೆಂದರೆ ಸುಮಾರು ಹತ್ತು ಜಿಬಿ, ಎರಡೂವರೆ ಡಾಲರ್. ಇಷ್ಟಕ್ಕಾಗಿ ಯಾರೂ ನಿದ್ದೆಗೆಡಬೇಕಿಲ್ಲ. ನೂರಾರು ಕೋಟಿಗೆ ಹೋದಾಗ, ಅದರ ಮೇಲೆ ಇಂಡೆಕ್ಸ್‌ಗಳೂ ಬ್ಯಾಕಪ್‌ಗಳೂ ಸೇರಿದಾಗ ಬಿಲ್ಲು ಏರುತ್ತದೆ. ನಾವೇ ಅಳಿಸಿದರೆ ಪ್ರತಿಯೊಂದಕ್ಕೂ ಒಂದು ಬರಹದ ಶುಲ್ಕ; ಒಂದೇ ಪ್ರದೇಶದ ಟೇಬಲ್ಲಿನಲ್ಲಿ ಟಿಟಿಎಲ್ ಅದನ್ನು ಪುಕ್ಕಟೆ ಮಾಡುತ್ತದೆ. ಫೈರ್‌ಸ್ಟೋರ್‌ನಲ್ಲಿ ಆ ರಿಯಾಯಿತಿ ಇಲ್ಲ. ಇದಕ್ಕಿಂತ ಗಟ್ಟಿಯಾದ ಕಾರಣ ಬೇರೆ ಇದೆ. ಇಟ್ಟುಕೊಳ್ಳದ ಮಾಹಿತಿ ಸೋರುವುದಿಲ್ಲ. ಮೂರು ವರ್ಷದ ಹಿಂದಿನ ಲೊಕೇಶನ್ ಕಂಪನಿಗೆ ಯಾವ ಉಪಯೋಗಕ್ಕೂ ಬಾರದು. ಕದ್ದವನಿಗೆ ಮಾತ್ರ ಒಬ್ಬ ಹೆಂಗಸು ದಿನಾ ಎಷ್ಟು ಹೊತ್ತಿಗೆ ಯಾವ ದಾರಿಯಲ್ಲಿ ಮನೆಗೆ ಹೋಗುತ್ತಾಳೆ ಎಂಬುದು ಅದರಿಂದ ತಿಳಿಯುತ್ತದೆ.

ಮಾಹಿತಿಯನ್ನು ಎಷ್ಟು ಕಾಲ ಇಡಬಹುದು ಎಂಬುದು ನ್ಯಾಯಾಲಯದ ಮುಂದೆಯೂ ಬಂದ ಪ್ರಶ್ನೆ, ಬಂದದ್ದು ಬೆಂಗಳೂರಿನ ಒಬ್ಬ ಹಿರಿಯರ ಮೂಲಕ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಜನ ಹೆಚ್ಚಾಗಿ ನೆನಪಿಟ್ಟುಕೊಂಡದ್ದು ಬ್ಯಾಂಕ್ ಖಾತೆ, ಸಿಮ್ ಕಾರ್ಡಿನ ಜೋಡಣೆಯ ಭಾಗ. ಅದೇ ತೀರ್ಪಿನಲ್ಲಿ ಇನ್ನೊಂದು ಮುಖ್ಯ ಮಾತಿತ್ತು. ಆಧಾರ್ ದೃಢೀಕರಣದ ದಾಖಲೆಗಳನ್ನು ಐದು ವರ್ಷ ಸಂಗ್ರಹಿಸಿಡಲು ಅವಕಾಶವಿದ್ದ ನಿಯಮವನ್ನು ನ್ಯಾಯಾಲಯ ಒಪ್ಪಲಿಲ್ಲ. ಆರು ತಿಂಗಳಿಗಿಂತ ಹೆಚ್ಚು ಇಡುವಂತಿಲ್ಲ ಎಂದಿತು. ಯಾರು, ಯಾವಾಗ, ಯಾವ ಸೇವೆಗಾಗಿ ಬೆರಳಿಟ್ಟರು ಎಂಬ ಪಟ್ಟಿ ಎಷ್ಟು ಕಾಲ ಉಳಿಯುತ್ತದೆ ಎಂಬುದು ನಾಗರಿಕನ ಹಕ್ಕಿನ ಪ್ರಶ್ನೆ ಎಂದು ಅಲ್ಲಿಗೆ ಸ್ಥಾಪನೆಯಾಯಿತು.

ಆಮೇಲೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. ಉದ್ದೇಶ ತೀರಿದ ಮೇಲೆ, ಅಥವಾ ಒಪ್ಪಿಗೆ ಹಿಂಪಡೆದ ಮೇಲೆ, ಬೇರೆ ಕಾನೂನು ಇಡಲು ಹೇಳದಿದ್ದರೆ ಅಳಿಸಬೇಕು ಎನ್ನುತ್ತದೆ ಅದು. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಇದಕ್ಕೆ ಸಂಖ್ಯೆ ಕೊಟ್ಟಿವೆ. ಎರಡು ಕೋಟಿ ಅಥವಾ ಅದಕ್ಕೂ ಹೆಚ್ಚು ಬಳಕೆದಾರರಿರುವ ಇ-ಕಾಮರ್ಸ್ ಮತ್ತು ಸೋಶಿಯಲ್ ಮೀಡಿಯಾ ಸಂಸ್ಥೆಗಳು, 50 ಲಕ್ಷ ಅಥವಾ ಅದಕ್ಕೂ ಹೆಚ್ಚು ಬಳಕೆದಾರರಿರುವ ಆನ್‌ಲೈನ್ ಗೇಮಿಂಗ್ ಸಂಸ್ಥೆಗಳು, ಬಳಕೆದಾರ ಮೂರು ವರ್ಷ ಅತ್ತ ಸುಳಿಯದಿದ್ದರೆ ಅವನ ಮಾಹಿತಿಯನ್ನು ಅಳಿಸಬೇಕು, ಅದಕ್ಕೆ ಕನಿಷ್ಠ 48 ಗಂಟೆ ಮೊದಲು ತಿಳಿಸಬೇಕು. ಈ ಭಾಗ ಜಾರಿಗೆ ಬರಲು ಒಂದೂವರೆ ವರ್ಷದ ಅವಕಾಶವಿದೆ. ಟಿಟಿಎಲ್ ಒಂದನ್ನೇ ನಂಬಿ ಇದನ್ನು ಪಾಲಿಸಲಾಗದು. ಟಿಟಿಎಲ್ ಯಾರಿಗೂ ಮೊದಲೇ ಹೇಳಿ ಅಳಿಸುವುದಿಲ್ಲ. ದಾಖಲೆಯೊಂದು ಅಳಿದಾಗ ಹೊರಡುವ ಸೂಚನೆಯನ್ನೇ ಅಲಾರಾಂ ಮಾಡಿಕೊಂಡು ನೋಟಿಸ್ ಕಳಿಸೋಣವೆಂದರೆ ಅದೂ ದಿನಗಟ್ಟಲೆ ತಡವಾಗಬಹುದು. ನೋಟಿಸಿಗೆ ಒಂದು ದಿನಾಂಕ, ಅಳಿಸಲು ಇನ್ನೊಂದು. ಮೊದಲನೆಯದನ್ನು ಹೇಳಿದ ಹೊತ್ತಿಗೆ ಸರಿಯಾಗಿ ನಡೆಸಲು ಪ್ರತ್ಯೇಕ ಶೆಡ್ಯೂಲರ್ ಬೇಕು. ಬಳಕೆದಾರ ಲಾಗಿನ್ ಆದಾಗಲೆಲ್ಲ ಎರಡೂ ಮುಂದೆ ಹೋಗಬೇಕು. ಪ್ರತಿ ಕ್ಲಿಕ್ಕಿಗೂ ಬರೆಯುವ ಬದಲು ದಿನಕ್ಕೊಮ್ಮೆ ಮುಂದೂಡಿದರೆ ಸಾಕು.

ಇನ್ನೊಂದು ದಿಕ್ಕಿನಿಂದ ಕಾನೂನು ಇಟ್ಟುಕೊಳ್ಳಿ ಎನ್ನುತ್ತದೆ. ದೇಶದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಿಸ್ಟಂ ಲಾಗ್‌ಗಳನ್ನು 180 ದಿನ ಇಡಬೇಕು. ಕಂಪನಿಯ ಲೆಕ್ಕಪತ್ರಗಳು 8 ಹಣಕಾಸು ವರ್ಷ, ಜಿಎಸ್‌ಟಿ ದಾಖಲೆಗಳು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇರಬೇಕು. ಒಂದೇ ಆರ್ಡರಿನೊಳಗೆ ಬಿಲ್ಲಿಗೆ ಎಂಟು ವರ್ಷ, ಡೆಲಿವರಿಯ ಲೊಕೇಶನ್‌ಗೆ ಮೂವತ್ತು ದಿನ ಸಾಕು, ಓಟಿಪಿಗೆ ಐದು ನಿಮಿಷ. ಕಸಾಂಡ್ರದಲ್ಲಿ ಒಂದೊಂದು ಕಾಲಂಗೂ ಬೇರೆ ಅವಧಿ ಕೊಡಬಹುದು. ಡೈನಮೊಡಿಬಿ ಅಳಿಸಿದರೆ ಇಡೀ ದಾಖಲೆಯನ್ನೇ ಅಳಿಸುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ದಾಖಲೆಯಲ್ಲಿ ತುರುಕಿದವರು ಎಂಟು ವರ್ಷ ಲೊಕೇಶನ್ನನ್ನೂ ಹೊತ್ತುಕೊಂಡಿರುತ್ತಾರೆ, ಇಲ್ಲವೇ ಮೂವತ್ತೇ ದಿನಕ್ಕೆ ಬಿಲ್ಲನ್ನೂ ಕಳೆದುಕೊಳ್ಳುತ್ತಾರೆ. ಆಯುಷ್ಯ ಬೇರೆಬೇರೆ ಇರುವ ಮಾಹಿತಿಯನ್ನು ಬೇರೆಬೇರೆ ದಾಖಲೆಗಳಲ್ಲಿ ಇಡುವುದು ಟೇಬಲ್ ವಿನ್ಯಾಸದ ಮೊದಲ ದಿನವೇ ಆಗಬೇಕಾದ ತೀರ್ಮಾನ. ವ್ಯಾಜ್ಯ ನಡೆಯುತ್ತಿರುವ ದಾಖಲೆಯ ಅವಧಿಯನ್ನು ತೆಗೆದುಹಾಕಿ ತಡೆಹಿಡಿಯುವ ದಾರಿಯೂ ಅಂದೇ ಇರಬೇಕು.

ಅವಧಿಯೇ ಇರಬಾರದ ದಾಖಲೆಗಳಿವೆ ಎಂಬುದನ್ನೂ ಇಲ್ಲೇ ಹೇಳಬೇಕು. ಪಹಣಿ ಮತ್ತು ಮ್ಯುಟೇಶನ್, ಜನನ-ಮರಣ, ಪದವಿ ಪ್ರಮಾಣಪತ್ರ. ಅಜ್ಜನ ಕಾಲದ ಮ್ಯುಟೇಶನ್ ಮೊಮ್ಮಗನ ಕೋರ್ಟು ಕೇಸಿಗೆ ಬೇಕಾಗುತ್ತದೆ. ಇಂಥ ಟೇಬಲ್‌ಗಳಲ್ಲಿ ಟಿಟಿಎಲ್ ಆಟ್ರಿಬ್ಯೂಟ್ ಇರುವುದೇ ಬೇಡ. ಇದ್ದರೆ ಯಾರೋ ಒಂದು ದಿನ ಅದನ್ನು ತುಂಬುತ್ತಾರೆ.

ಮುಖ್ಯ ಟೇಬಲ್ಲಿನಿಂದ ಹೋದ ಮೇಲೂ ಪ್ರತಿಗಳು ಉಳಿಯುತ್ತವೆ. ಡೈನಮೊಡಿಬಿಯ ನಿರಂತರ ಬ್ಯಾಕಪ್ 35 ದಿನದವರೆಗೆ ಹಿಂದಕ್ಕೆ ಹೋಗಬಲ್ಲದು, ಅಂದರೆ ಅಳಿಸಿದ ದಾಖಲೆಯನ್ನು ಅಷ್ಟು ದಿನ ಹೊರತೆಗೆಯಬಹುದು. ಹುಡುಕಾಟಕ್ಕೆಂದು ಮಾಡಿದ ನಕಲು, ವಿಶ್ಲೇಷಣೆಗೆಂದು ಬಿಗ್‌ಕ್ವೆರಿಗೆ ಸುರಿದದ್ದು, ಯಾರದೋ ಲ್ಯಾಪ್‌ಟಾಪಿನ ಎಕ್ಸೆಲ್ ಶೀಟು, ಇವು ಯಾವುದಕ್ಕೂ ಆ ಟಿಟಿಎಲ್ ಗೊತ್ತಿಲ್ಲ. ಅಳಿಯುವ ದಾಖಲೆಗಳನ್ನು ಸ್ಟ್ರೀಮ್ ಮೂಲಕ ಹಿಡಿದು ಅಮೆಜಾನಿನ ಸಂಗ್ರಹ ಸೇವೆ ಎಸ್3ಯಲ್ಲಿ ಇಡುವ ಪದ್ಧತಿ ಬಹಳ ಜನಪ್ರಿಯ, ಹಲವು ಸಲ ಅಗತ್ಯವೂ ಹೌದು. ಆದರೆ ಹಾಗೆ ಮಾಡಿದ ಮೇಲೆ ಗ್ರಾಹಕರಿಗೆ ಅಳಿಸಿದ್ದೇವೆ ಎಂದು ಹೇಳುವುದು ಸುಳ್ಳಾಗುತ್ತದೆ. ಎಸ್3ಯ ಆ ಬಕೆಟ್ಟಿಗೂ ತನ್ನದೇ ಅವಧಿ ಬೇಕು.

ಹಳೆಯ ದೊಡ್ಡ ಟೇಬಲ್ಲಿಗೆ ಹೊಸದಾಗಿ ಟಿಟಿಎಲ್ ಹಾಕುವವರಿಗೆ ಎರಡು ಮಾತು. ಮೊಂಗೊಡಿಬಿಯಲ್ಲಿ ಟಿಟಿಎಲ್ ಇಂಡೆಕ್ಸ್ ಸಿದ್ಧವಾದ ಕೂಡಲೇ ವರ್ಷಗಳ ಬಾಕಿ ಒಟ್ಟಿಗೇ ಅಳಿಯತೊಡಗಿ ಸರ್ವರ್ ಏದುಸಿರು ಬಿಡಬಹುದು. ಮೊದಲು ಬಾಕಿಯನ್ನು ಸಣ್ಣ ಕಂತುಗಳಲ್ಲಿ ತೆಗೆದು, ಆಮೇಲೆ ಇಂಡೆಕ್ಸ್ ಹಾಕುವುದು ಒಳ್ಳೆಯದು. ಡೈನಮೊಡಿಬಿಯಲ್ಲಿ ಇದರ ವಿರುದ್ಧ ಸಮಸ್ಯೆ. ಹಳೆಯ ದಾಖಲೆಗಳಲ್ಲಿ ಅವಧಿಯ ಆಟ್ರಿಬ್ಯೂಟೇ ಇರುವುದಿಲ್ಲ, ಆದ್ದರಿಂದ ಅವು ಹಾಗೇ ಉಳಿಯುತ್ತವೆ. ಪ್ರತಿಯೊಂದಕ್ಕೂ ಒಮ್ಮೆ ಬರೆಯಬೇಕು, ಆ ಬರಹಕ್ಕೆ ಹಣ ಕೊಡಬೇಕು.

ಎಲ್ಲ ಸರಿಯಾಗಿ ನಡೆಯುತ್ತಿರುವಾಗಲೂ ಟಿಟಿಎಲ್ ಸದ್ದಿಲ್ಲದೆ ನಿಂತುಹೋಗಬಹುದು. ಯಾರೋ ಕೋಡನ್ನು ಅಚ್ಚುಕಟ್ಟು ಮಾಡುವ ಭರದಲ್ಲಿ ಆಟ್ರಿಬ್ಯೂಟಿನ ಹೆಸರಿನ ಒಂದು ಅಕ್ಷರ ಬದಲಿಸಿದರೆ, ಆ ದಿನದಿಂದ ಹುಟ್ಟಿದ ಯಾವ ದಾಖಲೆಯೂ ಅಳಿಯುವುದಿಲ್ಲ. ಆ್ಯಪ್ ಎಂದಿನಂತೆ ಓಡುತ್ತದೆ, ಯಾವ ಗ್ರಾಹಕನೂ ದೂರು ಕೊಡುವುದಿಲ್ಲ. ಟಿಟಿಎಲ್‌ನಿಂದ ಎಷ್ಟು ದಾಖಲೆಗಳು ಅಳಿದವು ಎಂಬ ಎಣಿಕೆಯನ್ನು ಅಮೆಜಾನ್ ತನ್ನ ಕ್ಲೌಡ್‌ವಾಚ್‌ನಲ್ಲಿ ತೋರಿಸುತ್ತದೆ. ಆ ಎಣಿಕೆ ಸೊನ್ನೆಗೆ ಇಳಿದರೆ ಎಚ್ಚರಿಸುವಂತೆ ಒಂದು ಅಲಾರಾಂ ಹಾಕಲು ಹತ್ತು ನಿಮಿಷ ಸಾಕು. ಟಿಟಿಎಲ್ ಚಾಲೂ ಮಾಡಿದ ದಿನವೇ ಅದನ್ನೂ ಹಾಕಬೇಕು, ಅದು ಮೊಳಗಿದಾಗ ಯಾರಿಗೆ ಫೋನು ಹೋಗಬೇಕು ಎಂಬುದನ್ನೂ ಅಂದೇ ಬರೆದಿಡಬೇಕು.